ಆಟದ ಟಿಕೆಟ್ಟಿನಲ್ಲೇ ದಾರಿಯೂ ಇರಲಿ

2024ರ ಜುಲೈ 19ರಂದು ಪ್ಯಾರಿಸ್‌ನ ಮೆಟ್ರೊದಲ್ಲಿ ಒಂದು ಸಲದ ಪ್ರಯಾಣಕ್ಕೆ 2.15 ಯೂರೊ ಸಾಕಿತ್ತು. ಮರುದಿನ ಬೆಳಿಗ್ಗೆ ಅದೇ ನಿಲ್ದಾಣದಲ್ಲಿ, ಅದೇ ರೈಲಿಗೆ 4 ಯೂರೊ ಕೊಡಬೇಕಾಯಿತು. ಹತ್ತು ಟಿಕೆಟ್ಟುಗಳ ಕಟ್ಟಿನ ಬೆಲೆ 17.35 ಯೂರೊದಿಂದ 32 ಯೂರೊಗೆ ಏರಿತು. ಒಲಿಂಪಿಕ್ಸ್ ಶುರುವಾಗಲು ಇನ್ನೂ ಆರು ದಿನ ಬಾಕಿ ಇತ್ತು. ಪ್ಯಾರಾಲಿಂಪಿಕ್ಸ್ ಮುಗಿದ ಸೆಪ್ಟೆಂಬರ್ 8ರವರೆಗೂ ಇದೇ ದರ ನಡೆಯಿತು. ಹೊರಗಿನಿಂದ ಬಂದವರಿಗೆಂದೇ ‘ಪ್ಯಾರಿಸ್ 2024’ ಹೆಸರಿನ ಪಾಸ್ ತಂದರು. ಅದರ ಬೆಲೆ ದಿನಕ್ಕೆ 16 ಯೂರೊ, ವಾರಕ್ಕೆ 70 ಯೂರೊ.

ಇದೇ ನಗರ ಒಲಿಂಪಿಕ್ಸ್ ತನಗೆ ಬೇಕೆಂದು ಅರ್ಜಿ ಹಾಕಿದ್ದಾಗ ಬೇರೆಯೇ ಮಾತು ಕೊಟ್ಟಿತ್ತು. ಪಂದ್ಯದ ಟಿಕೆಟ್ ಇರುವವರಿಗೆ ನಗರ ಸಾರಿಗೆ ಉಚಿತ ಎಂಬ ಭರವಸೆ ಆ ಅರ್ಜಿಯಲ್ಲೇ ಇತ್ತು. ವರ್ಷಗಳು ಉರುಳಿ, ಖರ್ಚಿನ ಲೆಕ್ಕ ಮೇಜಿನ ಮೇಲೆ ಬಂದಾಗ ಅದನ್ನು ಕೈಬಿಟ್ಟರು. 2023ರ ನವೆಂಬರಿನಲ್ಲಿ ಹೊಸ ದರಗಳು ಪ್ರಕಟವಾದವು. ಉಚಿತವೆಂದು ಹೇಳಿದ್ದ ಪ್ರಯಾಣ ಹೆಚ್ಚುಕಡಿಮೆ ದುಪ್ಪಟ್ಟು ದರಕ್ಕೆ ಬಂದು ನಿಂತಿತು.

ಇದನ್ನು ಪ್ಯಾರಿಸ್ಸಿನವರ ಮನೆಯ ಜಗಳವೆಂದು ಬಿಟ್ಟುಬಿಡಬಹುದು. ಆದರೆ ದೊಡ್ಡ ಕ್ರೀಡಾಕೂಟ ನಡೆಸುವ ಪ್ರತಿ ಊರಿನ ಎದುರೂ ಈ ಪ್ರಶ್ನೆ ಬಂದೇ ಬರುತ್ತದೆ: ಆಟ ನೋಡಲು ಬಂದ ಲಕ್ಷಾಂತರ ಜನರ ಓಡಾಟದ ಖರ್ಚು ಯಾರ ಮೇಲೆ ಬೀಳಬೇಕು? ಊರಿನವರ ಮೇಲೋ, ಬಂದವರ ಮೇಲೋ, ಅವರನ್ನು ಕರೆದವರ ಮೇಲೋ? ಕರೆದವರೇ ಹೊರಬೇಕು, ಅದನ್ನು ಆಟದ ಟಿಕೆಟ್ಟಿನಲ್ಲೇ ಸೇರಿಸಿ ಹೊರಬೇಕು ಎಂಬುದು ನನ್ನ ವಾದ. ನಿಲ್ದಾಣದ ಕೌಂಟರಿನಲ್ಲಿ ದರ ಏರಿಸುವುದು ಈ ಪ್ರಶ್ನೆಗೆ ಸಿಗಬಹುದಾದ ಉತ್ತರಗಳಲ್ಲೇ ಕೆಟ್ಟದ್ದು.

ಮೊದಲು ಪ್ಯಾರಿಸ್ಸಿನ ಕಡೆಯ ಮಾತನ್ನು ಪೂರ್ತಿ ಕೇಳೋಣ, ಅದರಲ್ಲಿ ನ್ಯಾಯವಿದೆ. ಪ್ಯಾರಿಸ್ ಮತ್ತು ಅದರ ಸುತ್ತಲಿನ ಇಲ್-ದ-ಫ್ರಾನ್ಸ್ ಪ್ರಾಂತ್ಯದ ಸಾರಿಗೆಯನ್ನು ನಡೆಸುವ ಪ್ರಾಧಿಕಾರದ ಮುಖ್ಯಸ್ಥೆ ವಲೇರಿ ಪೆಕ್ರೆಸ್. ಕೂಟದ ದಿನಗಳಲ್ಲಿ ಸುಮಾರು ಶೇ 15ರಷ್ಟು ಹೆಚ್ಚು ರೈಲು, ಬಸ್ಸು ಓಡಿಸಬೇಕು, ಅದಕ್ಕೆ ಸುಮಾರು 20 ಕೋಟಿ ಯೂರೊ ಹೆಚ್ಚಿಗೆ ಬೇಕು, ಆ ಹೊರೆಯನ್ನು ಸ್ಥಳೀಯರ ತಲೆಗೆ ಕಟ್ಟಲಾಗದು ಎಂಬುದು ಅವರ ವಾದವಾಗಿತ್ತು. ತಿಂಗಳಿಗೆ 86.40 ಯೂರೊ ಕೊಟ್ಟು ‘ನಾವಿಗೊ’ ಪಾಸ್ ಮಾಡಿಸಿಕೊಂಡವರಿಗೆ ಒಂದು ಪೈಸೆಯೂ ಹೆಚ್ಚಾಗಲಿಲ್ಲ. ಹಳೆಯ ದರದಲ್ಲಿ ಮೊದಲೇ ಟಿಕೆಟ್ ಕೊಂಡಿಟ್ಟವರು ಅದನ್ನು ಕೂಟದ ದಿನಗಳಲ್ಲೂ ಬಳಸಬಹುದಿತ್ತು. ವರ್ಷವಿಡೀ ತೆರಿಗೆ ಕಟ್ಟಿ, ವರ್ಷವಿಡೀ ಪಾಸ್ ಕೊಂಡು ಮೆಟ್ರೊವನ್ನು ಬದುಕಿಸಿದವರಿಗೂ ಎರಡು ವಾರಕ್ಕೆ ಬಂದು ಹೋಗುವವರಿಗೂ ವ್ಯತ್ಯಾಸ ಬೇಡವೇ ಎಂದು ಕೇಳಿದರೆ ತಳ್ಳಿಹಾಕುವಂತಿಲ್ಲ.

ಈ ವ್ಯತ್ಯಾಸ ನಮಗೂ ಹೊಸದಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಉಚಿತ ಪ್ರಯಾಣ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಕಾಸರಗೋಡಿನಿಂದ ಮಂಗಳೂರಿಗೆ ಬಂದ ಕೇರಳದ ಮಹಿಳೆ ಬಸ್ಸು ಹತ್ತಿದರೆ ಟಿಕೆಟ್ ಕೊಳ್ಳಬೇಕು. ಇದನ್ನು ಅನ್ಯಾಯವೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಆ ಹಣ ಈ ರಾಜ್ಯದ ಬೊಕ್ಕಸದ್ದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಶಕ್ತಿ ಯೋಜನೆ ನಮ್ಮವರಿಗೆ ಕಡಿಮೆ ಮಾಡಿತೇ ಹೊರತು ಹೊರಗಿನವರಿಗೆ ಹೆಚ್ಚು ಮಾಡಲಿಲ್ಲ. ಹೊರಗಿನಿಂದ ಬಂದವರು ಎಲ್ಲರಂತೆ ಮಾಮೂಲು ದರ ಕೊಡುತ್ತಾರೆ. ಪ್ಯಾರಿಸ್ ಮಾಡಿದ್ದು ಇದರ ತಿರುವುಮುರುವು. ಅದು ಬಿಡಿ ಟಿಕೆಟ್ಟಿನ ಮಾಮೂಲು ದರವನ್ನೇ ಏಳು ವಾರ ಇಲ್ಲವಾಗಿಸಿತು.

ಹಾಗೆ ಮಾಡಿದಾಗ ಬಲೆಗೆ ಬಿದ್ದವರಲ್ಲಿ ಪ್ರವಾಸಿಗಳ ಜೊತೆಗೆ ಊರಿನವರೂ ಇದ್ದರು. ಪ್ರತಿದಿನ ಕೆಲಸಕ್ಕೆ ಹೋಗುವವರ ಬಳಿ ಪಾಸ್ ಇರುತ್ತದೆ. ಪಾಸ್ ಇಲ್ಲದವರು ಯಾರೆಂದು ಯೋಚಿಸಿ. ತಿಂಗಳಿಗೆ ಎರಡು ಸಲ ಆಸ್ಪತ್ರೆಗೋ ಮಗಳ ಮನೆಗೋ ಹೋಗುವ ವಯಸ್ಸಾದವರು, ಕಾಯಂ ಕೆಲಸ ಇಲ್ಲದೆ ಸಿಕ್ಕ ದಿನ ಮಾತ್ರ ಹೊರಡುವವರು, ತಿಂಗಳ ಮೊದಲ ದಿನ 86 ಯೂರೊ ಒಟ್ಟಿಗೆ ತೆಗೆದಿಡಲಾಗದವರು. ಬಿಡಿ ಟಿಕೆಟ್ ಕೊಳ್ಳುವವರಲ್ಲಿ ಇಂಥವರು ಪ್ರತಿ ಊರಲ್ಲೂ ಇದ್ದಾರೆ. ಒಲಿಂಪಿಕ್ಸಿನ ಮುಖ್ಯ ಕ್ರೀಡಾಂಗಣ ಸ್ತಾದ್ ದ ಫ್ರಾನ್ಸ್ ಇರುವುದು ಸೇಂಟ್-ಡೆನಿಸ್‌ನಲ್ಲಿ, ಅಂದರೆ ಫ್ರಾನ್ಸಿನ ಮುಖ್ಯ ಭೂಭಾಗದಲ್ಲೇ ಅತಿ ಬಡ ಜಿಲ್ಲೆಯಲ್ಲಿ. ಮೊದಲೇ ಟಿಕೆಟ್ ಕೊಂಡಿಟ್ಟುಕೊಳ್ಳಿ, ಅಗ್ಗದ ಕಾರ್ಡ್ ಮಾಡಿಸಿಕೊಳ್ಳಿ ಎಂಬ ಸೂಚನೆ ಪತ್ರಿಕೆ ಓದುವವರಿಗೆ, ಮುಂಗಡ ಹಣ ಇರುವವರಿಗೆ ತಲುಪಿತು. ತಲುಪದವರು ಅತಿಥಿಗಳಿಗೆಂದು ಏರಿಸಿದ ಬೆಲೆಯನ್ನು ತಮ್ಮದೇ ಊರಿನಲ್ಲಿ ತೆತ್ತರು. ಕೌಂಟರಿನಲ್ಲಿ ಕೂತ ಯಂತ್ರಕ್ಕೆ ನೆಂಟರೂ ಮನೆಯವರೂ ಒಂದೇ.

ಇನ್ನೊಂದು ಮಾತು. ಬಂದವರು ಊರಿನ ಸಾರಿಗೆಗೆ ಏನೂ ಕೊಡುತ್ತಿರಲಿಲ್ಲ ಎಂಬುದೂ ನಿಜವಲ್ಲ. 2024ರ ಜನವರಿಯಿಂದಲೇ ಇಲ್-ದ-ಫ್ರಾನ್ಸ್‌ನ ಹೋಟೆಲುಗಳಲ್ಲಿ ತಂಗುವವರ ಮೇಲಿನ ತೆರಿಗೆಗೆ ಇನ್ನೊಂದು ಹೆಚ್ಚುವರಿ ತೆರಿಗೆ ಸೇರಿಸಿದ್ದರು. ಮೂಲ ತೆರಿಗೆಯ ಶೇ 200ರಷ್ಟಿದ್ದ ಅದು ನೇರವಾಗಿ ಸಾರಿಗೆ ಪ್ರಾಧಿಕಾರಕ್ಕೇ ಹೋಗುತ್ತಿತ್ತು. ಅಂದರೆ ಹೋಟೆಲಿನಲ್ಲಿ ಮಲಗಿದ ಅತಿಥಿ ರಾತ್ರಿ ಒಮ್ಮೆ ಮೆಟ್ರೊಗೆ ಹಣ ಕೊಟ್ಟ, ಬೆಳಿಗ್ಗೆ ಎದ್ದು ಟಿಕೆಟ್ ಕೊಳ್ಳುವಾಗ ಮತ್ತೊಮ್ಮೆ ಕೊಟ್ಟ. ತಂಗುವ ಖರ್ಚಿನ ಮೇಲೆ ತೆರಿಗೆ ಹಾಕುವುದು ನ್ಯಾಯದ ದಾರಿ. ಅದು ನಿಜವಾಗಿಯೂ ಹೊರಗಿನಿಂದ ಬಂದವರನ್ನೇ ಮುಟ್ಟುತ್ತದೆ, ಸೇಂಟ್-ಡೆನಿಸ್‌ನ ಅಜ್ಜಿಯನ್ನು ಮುಟ್ಟುವುದಿಲ್ಲ. ಆ ದಾರಿ ಕೈಯಲ್ಲಿ ಇದ್ದೂ ಟಿಕೆಟ್ ದರವನ್ನೂ ಏರಿಸಿದ್ದೇ ತಪ್ಪು.

ಹಣದ ನ್ಯಾಯ ಒಂದು ಕಡೆಗಿರಲಿ. ಟಿಕೆಟ್ಟಿಗೂ ಜನಜಂಗುಳಿಗೂ ಇರುವ ಸಂಬಂಧ ಅದಕ್ಕಿಂತ ಹೆಚ್ಚು ಯೋಚಿಸಬೇಕಾದ ವಿಷಯ. ಸಾಮಾನ್ಯ ದಿನಗಳಲ್ಲಿ ಜನ ನಿಲ್ದಾಣಕ್ಕೆ ಹನಿಹನಿಯಾಗಿ ಬರುತ್ತಾರೆ. ಪಂದ್ಯ ಮುಗಿದ ರಾತ್ರಿ ಕಟ್ಟೆ ಒಡೆದಂತೆ ಬರುತ್ತಾರೆ. ಆಗ ಒಬ್ಬೊಬ್ಬರೂ ಟಿಕೆಟ್ ಕೊಳ್ಳಲು ಇಪ್ಪತ್ತು ಸೆಕೆಂಡ್ ತೆಗೆದುಕೊಂಡರು ಎಂದುಕೊಳ್ಳಿ. ಒಂದು ಕೌಂಟರ್ ನಿಮಿಷಕ್ಕೆ ಮೂವರನ್ನು ಕಳಿಸುತ್ತದೆ, ಹತ್ತು ಕೌಂಟರ್ ಇದ್ದರೆ ಮೂವತ್ತು ಮಂದಿಯನ್ನು. ಹತ್ತು ಸಾವಿರ ಜನ ಟಿಕೆಟ್ ಕೊಳ್ಳಬೇಕಾದರೆ ಐದೂವರೆ ಗಂಟೆ ಬೇಕು. ಕೊನೆಯ ರೈಲು ಅಷ್ಟು ಹೊತ್ತು ಕಾಯುವುದಿಲ್ಲ. ಅಪರಿಚಿತ ಭಾಷೆ, ಅಪರಿಚಿತ ಯಂತ್ರ, ಯಾವ ವಲಯಕ್ಕೆ ಯಾವ ಟಿಕೆಟ್ ಎಂದು ತಿಳಿಯದೆ ನಿಂತ ಪರದೇಶದವರು ಸೇರಿದರೆ ಇಪ್ಪತ್ತು ಸೆಕೆಂಡ್ ಒಂದು ನಿಮಿಷವಾಗುತ್ತದೆ. ಪಂದ್ಯದ ಟಿಕೆಟ್ಟನ್ನೇ ತೋರಿಸಿ ಒಳಗೆ ಹೋಗಬಹುದಾದರೆ ಆ ಸಾಲೇ ಇರುವುದಿಲ್ಲ. ಹಾಗಾಗಿ ಟಿಕೆಟ್ಟಿನಲ್ಲಿ ಪ್ರಯಾಣ ಸೇರಿಸುವುದನ್ನು ಪ್ರೇಕ್ಷಕರಿಗೆ ಕೊಡುವ ಉಡುಗೊರೆ ಎಂದು ನೋಡಬಾರದು. ಅದು ಊರಿನ ಸುರಕ್ಷತೆಯ ಏರ್ಪಾಡು.

ಇದನ್ನು ಮಾಡಿ ತೋರಿಸಿದ ಊರುಗಳಿವೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಗರದೊಳಗಿನ ಪಂದ್ಯದ ಟಿಕೆಟ್ಟಿನ ಜೊತೆ ಆ ದಿನದ ಪ್ರಯಾಣದ ಕಾರ್ಡ್ ಸೇರಿಯೇ ಬರುತ್ತಿತ್ತು. ಲಂಡನ್ನಿನ ಒಂಬತ್ತೂ ವಲಯಗಳಲ್ಲಿ ಅದು ನಡೆಯುತ್ತಿತ್ತು. ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಸ್ಟ್ರ್ಯಾಟ್‌ಫರ್ಡ್‌ನ ಒಲಿಂಪಿಕ್ ಪಾರ್ಕಿಗೆ ಏಳು ನಿಮಿಷದಲ್ಲಿ ತಲುಪಿಸುತ್ತಿದ್ದ ‘ಜಾವೆಲಿನ್’ ರೈಲಿಗೂ ಅದೇ ಸಾಕಿತ್ತು. ಪ್ರೇಕ್ಷಕರ ಕಾರುಗಳಿಗೆ ಅಲ್ಲಿ ಜಾಗವೇ ಇಟ್ಟಿರಲಿಲ್ಲ. ಕಾರು ಬೇಡ ಎನ್ನುವ ಅಧಿಕಾರ ಆ ಊರಿಗೆ ಬಂದದ್ದು ರೈಲನ್ನು ಕೈಗಿಟ್ಟ ಮೇಲೆ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲೂ ಪಂದ್ಯದ ಟಿಕೆಟ್ಟಿನಲ್ಲೇ ಸಾರ್ವಜನಿಕ ಸಾರಿಗೆಯ ಪ್ರಯಾಣ ಸೇರಿತ್ತು.

ಜರ್ಮನಿಯಲ್ಲಂತೂ ಇದು ದೊಡ್ಡ ಕೂಟಗಳಿಗೆಂದು ಹುಟ್ಟಿದ್ದಲ್ಲ, ವಾರವಾರದ ರೂಢಿ. ಅಲ್ಲಿನ ಅನೇಕ ಫುಟ್‌ಬಾಲ್ ಕ್ಲಬ್ಬುಗಳ ಪಂದ್ಯದ ಟಿಕೆಟ್ ಇದ್ದರೆ ಅಂದು ಊರಿನ ಟ್ರಾಮ್, ಬಸ್, ಲೋಕಲ್ ರೈಲುಗಳಲ್ಲಿ ಬೇರೆ ಟಿಕೆಟ್ ಕೊಳ್ಳಬೇಕಿಲ್ಲ. ಕ್ಲಬ್ಬು ಸಾರಿಗೆ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಒಟ್ಟು ಮೊತ್ತ ಕಟ್ಟುತ್ತದೆ. ‘ಕೊಂಬಿಟಿಕೆಟ್’ ಎಂಬ ಈ ಪದ್ಧತಿಯನ್ನು 2006ರ ಫುಟ್‌ಬಾಲ್ ವಿಶ್ವಕಪ್‌ಗೂ ತಂದರು. ಅಲ್ಲೇ ನಡೆದ 2024ರ ಯೂರೊ ಕಪ್‌ನಲ್ಲಿ ಟಿಕೆಟ್ ಇದ್ದವರಿಗೆ ಪಂದ್ಯ ನಡೆಯುವ ಪ್ರದೇಶದಲ್ಲಿ 36 ಗಂಟೆಗಳ ಪ್ರಯಾಣ ಸೇರಿತ್ತು. ಪ್ಯಾರಿಸ್ಸಿನಲ್ಲಿ ದರ ಏರುವುದಕ್ಕೆ ಒಂದು ವಾರ ಮೊದಲಷ್ಟೇ ಆ ಕೂಟ ಮುಗಿದಿತ್ತು. ಒಂದೇ ಬೇಸಿಗೆ, ನೆರೆಯ ಎರಡು ದೇಶ, ಒಂದೇ ಪ್ರಶ್ನೆಗೆ ಎರಡು ಉತ್ತರ.

ಹಾಗಾದರೆ 20 ಕೋಟಿ ಯೂರೊ ಎಲ್ಲಿಂದ ಬರಬೇಕಿತ್ತು? ಲೆಕ್ಕ ಹಾಕಿಯೇ ನೋಡೋಣ. ಪ್ಯಾರಿಸ್‌ನ ಎರಡೂ ಕೂಟಗಳಿಗೆ ಸೇರಿ ಸುಮಾರು 1.2 ಕೋಟಿ ಟಿಕೆಟ್ ಮಾರಾಟವಾದವು. ಪೂರ್ತಿ ಖರ್ಚನ್ನು ಟಿಕೆಟ್ಟುಗಳ ಮೇಲೆ ಸಮವಾಗಿ ಹಂಚಿದರೆ ತಲಾ 17 ಯೂರೊ ಆಗುತ್ತದೆ. ಇದು ಸಣ್ಣ ಮೊತ್ತವಲ್ಲ ಎಂದು ಒಪ್ಪುತ್ತೇನೆ. ಒಲಿಂಪಿಕ್ಸಿನ ಅತಿ ಅಗ್ಗದ 24 ಯೂರೊದ ಟಿಕೆಟ್ ಕೊಂಡವರ ಮೇಲೆ 17 ಯೂರೊ ಹೇರಿದರೆ ಅದು ಇನ್ನೊಂದು ಅನ್ಯಾಯ. ಆದರೆ ಸಮವಾಗಿ ಹಂಚಲೇಬೇಕೆಂಬ ನಿಯಮ ಎಲ್ಲಿದೆ? ಅದೇ ಒಲಿಂಪಿಕ್ಸಿನ ಉದ್ಘಾಟನಾ ಸಮಾರಂಭದ ಟಿಕೆಟ್ 2,700 ಯೂರೊವರೆಗೂ ಇತ್ತು. ಟಿಕೆಟ್ ಬೆಲೆಯ ಇಂತಿಷ್ಟು ಪಾಲು ಎಂದು ಹಾಕಿದರೆ 24 ಯೂರೊ ಕೊಟ್ಟವರು ಎರಡು ಮೂರು ಯೂರೊ, 2,700 ಕೊಟ್ಟವರು ಮುನ್ನೂರರ ಆಸುಪಾಸು ತೆರುತ್ತಾರೆ. ಉಳಿದ ಕೊರತೆಯನ್ನು ಜಾಹೀರಾತು, ಪ್ರಾಯೋಜಕತ್ವಗಳಿಂದ ಹಣ ಬರುವ ಸಂಘಟಕರು ತುಂಬಬೇಕು. ನಿಲ್ದಾಣದಲ್ಲಿ 4 ಯೂರೊ ದರವಾದರೆ ಇಬ್ಬರಿಗೂ ಒಂದೇ, ಅಂದರೆ ಅಗ್ಗದ ಟಿಕೆಟ್ಟಿನವರಿಗೇ ಹೆಚ್ಚು ಭಾರ. ಆಟದ ಟಿಕೆಟ್ಟಿಗೆ ಉಳ್ಳವರು, ಇಲ್ಲದವರು ಎಂಬ ಭೇದ ಗೊತ್ತು. ಮೆಟ್ರೊ ಟಿಕೆಟ್ಟಿಗೆ ಗೊತ್ತಿಲ್ಲ.

ಇದಕ್ಕೆ ಬರುವ ಆಕ್ಷೇಪಗಳಿಗೂ ಉತ್ತರಿಸಬೇಕು. ಕ್ರೀಡಾಂಗಣದ ಪಕ್ಕದಲ್ಲೇ ಮನೆ ಇದ್ದು ನಡೆದು ಹೋಗುವವರು, ಸೈಕಲ್ಲಿನಲ್ಲಿ ಬರುವವರು ಹತ್ತದ ರೈಲಿಗೆ ಏಕೆ ಹಣ ಕೊಡಬೇಕು? ಅದೇ ಟಿಕೆಟ್ಟಿನಲ್ಲಿ ಕಾವಲು, ದೀಪ, ಶೌಚಾಲಯ, ಆಂಬುಲೆನ್ಸ್ ಎಲ್ಲದರ ಖರ್ಚೂ ಸೇರಿದೆ. ಆಂಬುಲೆನ್ಸ್ ಬಳಸಲಿಲ್ಲವೆಂದು ಯಾರೂ ಹಣ ವಾಪಸ್ ಕೇಳುವುದಿಲ್ಲ. ಮೇಲಾಗಿ ಉಳಿದವರು ರೈಲಿನಲ್ಲಿ ಹೋದದ್ದರಿಂದಲೇ ನಡೆಯುವವರಿಗೆ ರಸ್ತೆ ಸಿಕ್ಕಿರುತ್ತದೆ. ಟಿಕೆಟ್ ಬೆಲೆಯೊಳಗೆ ಪ್ರಯಾಣದ ಹಣ ಅಡಗಿಸುವುದು ಗುಟ್ಟಿನ ಸುಲಿಗೆ ಆಗುವುದಿಲ್ಲವೇ ಎಂದೂ ಕೇಳಬಹುದು. ಅಡಗಿಸಬೇಕಿಲ್ಲ. ಇದರಲ್ಲಿ ಇಷ್ಟು ಸಾರಿಗೆಗೆ ಎಂದು ಟಿಕೆಟ್ಟಿನ ಮೇಲೆ ಅಚ್ಚು ಹಾಕಲಿ.

ಟಿಕೆಟ್ ಇಲ್ಲದೆ ಬರೀ ಸಂಭ್ರಮ ನೋಡಲು ಬಂದವರ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಅವರಿಗೆ ಎಂದಿನ ದರದ ಟಿಕೆಟ್ಟು, ಎಂದಿನ ದರದ ದಿನದ ಪಾಸ್ ಸಿಗಬೇಕು. ಅವರ ಪಾಲಿನ ಹೆಚ್ಚುವರಿ ಹಣ ತಂಗುವ ತೆರಿಗೆಯಿಂದ ಬರಲಿ. ಸ್ವಿಟ್ಜರ್ಲೆಂಡಿನ ಬಾಸೆಲ್, ಜಿನೀವಾಗಳಲ್ಲಿ ಹೋಟೆಲಿನಲ್ಲಿ ಉಳಿದವರಿಗೆ ಊರಿನ ಬಸ್ಸು, ಟ್ರಾಮುಗಳಲ್ಲಿ ಓಡಾಡುವ ಕಾರ್ಡನ್ನು ಕೈಗೇ ಕೊಡುತ್ತಾರೆ. ಅದರ ಖರ್ಚು ಅವರು ಕಟ್ಟುವ ತಂಗುದಾಣ ತೆರಿಗೆಯಲ್ಲೇ ಬರುತ್ತದೆ. ಅಲ್ಲಿ ಅತಿಥಿ ಹಣ ಕೊಟ್ಟಿರುತ್ತಾನೆ, ಆದರೂ ಸುಲಿಗೆಯಾಯಿತೆಂದು ಅನಿಸುವುದಿಲ್ಲ.

ಟಿಕೆಟ್ಟಿನಲ್ಲಿ ಪ್ರಯಾಣ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಯೂರೊ ಕಪ್ಪಿನಲ್ಲೇ, 2024ರ ಜೂನ್ 16ರ ರಾತ್ರಿ ಗೆಲ್ಸೆನ್‌ಕಿರ್ಶನ್‌ನಲ್ಲಿ ಇಂಗ್ಲೆಂಡ್ ಮತ್ತು ಸರ್ಬಿಯಾ ಪಂದ್ಯ ಮುಗಿದ ಮೇಲೆ ಸಾವಿರಾರು ಪ್ರೇಕ್ಷಕರು ಟ್ರಾಮಿಗಾಗಿ, ರೈಲಿಗಾಗಿ ಗಂಟೆಗಟ್ಟಲೆ ಕಾದು ನಿಂತರು. ಕೈಯಲ್ಲಿ ಉಚಿತ ಪ್ರಯಾಣದ ಹಕ್ಕಿತ್ತು, ಎದುರಿಗೆ ಗಾಡಿ ಇರಲಿಲ್ಲ. ಹೊತ್ತಿಗೆ ಬಾರದ ರೈಲಿನ ಟಿಕೆಟ್ ಉಚಿತವಾದರೂ ಒಂದೇ, ದುಬಾರಿಯಾದರೂ ಒಂದೇ. ಇದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ. ಎಷ್ಟು ಟಿಕೆಟ್ ಮಾರಿದರೋ ಅಷ್ಟು ಜನರ ಪ್ರಯಾಣದ ಹಣ ಮೊದಲೇ ಕೈಸೇರಿದರೆ ಸಾರಿಗೆ ಸಂಸ್ಥೆಗೆ ಹೆಚ್ಚು ಗಾಡಿ, ಹೆಚ್ಚು ಚಾಲಕರನ್ನು ಗೊತ್ತುಮಾಡಿಕೊಳ್ಳಲು ಬಲ ಬರುತ್ತದೆ. ಕೊಟ್ಟ ಹಣಕ್ಕೆ ಗಾಡಿ ಎಲ್ಲಿ ಎಂದು ಕೇಳುವ ಹಕ್ಕು ಸಂಘಟಕರಿಗೂ ಬರುತ್ತದೆ.

ಇನ್ನೊಂದು ತುದಿಯ ತಪ್ಪನ್ನು 2016ರ ರಿಯೊದಲ್ಲಿ ಕಂಡೆವು. ಬಾರಾ ಬಡಾವಣೆಯ ಕಡೆಗೆ ಹೋಗುವ ಮೆಟ್ರೊದ ನಾಲ್ಕನೇ ಮಾರ್ಗವನ್ನು ಒಲಿಂಪಿಕ್ಸ್ ಹೊತ್ತಿಗೆ ತೆರೆದರು, ಆದರೆ ಕೂಟದ ದಿನಗಳಲ್ಲಿ ಅದು ಒಲಿಂಪಿಕ್ ಕಾರ್ಡ್ ಇದ್ದವರಿಗೆ ಮಾತ್ರ. ಆ ಕಾರ್ಡಿಗೆ ದಿನಕ್ಕೆ 25 ರಿಯಾಲ್. ಊರಿನ ಸಾಮಾನ್ಯ ಪ್ರಯಾಣಿಕರಿಗೆ ಆ ಮಾರ್ಗ ತೆರೆದದ್ದು ಕೂಟಗಳೆಲ್ಲ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ. ಅತಿಥಿಗಳ ಅನುಕೂಲಕ್ಕೆಂದು ಊರಿನವರನ್ನೇ ಅವರ ಹೊಸ ರೈಲಿನಿಂದ ಹೊರಗಿಟ್ಟಾಗ, ಅತಿಥಿಗೂ ಊರಿಗೂ ನಡುವೆ ಪ್ರೀತಿ ಹುಟ್ಟುವುದು ಹೇಗೆ?

ಇಷ್ಟು ದೂರದ ಊರುಗಳ ಕಥೆಯನ್ನು ನಾನು ಈಗ ಎತ್ತಿಕೊಂಡದ್ದಕ್ಕೆ ಕಾರಣವಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಬೇಕೆಂಬ ಇಚ್ಛೆಯನ್ನು ಭಾರತ 2024ರಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಲಿಖಿತವಾಗಿ ತಿಳಿಸಿದೆ. ಕ್ರೀಡಾಂಗಣ ಎಷ್ಟು ದೊಡ್ಡದು, ಮೆಟ್ರೊ ಎಷ್ಟು ಕಿಲೊಮೀಟರ್ ಎಂಬ ಮಾತು ಆಗಲೇ ಶುರುವಾಗಿದೆ. ಒಂದೂಕಾಲು ಲಕ್ಷಕ್ಕೂ ಹೆಚ್ಚು ಜನ ಕೂರುವ, ಅಹಮದಾಬಾದಿನ ಮೊಟೆರಾದ ಕ್ರೀಡಾಂಗಣದಿಂದ ಅಷ್ಟೂ ಮಂದಿ ರಾತ್ರಿ ಯಾವ ಟಿಕೆಟ್ ಹಿಡಿದು ಮನೆಗೆ ಹೋಗಬೇಕು, ಅದರ ಹಣ ಯಾರದು ಎಂಬ ಮಾತು ಅಷ್ಟೇ ಗಟ್ಟಿಯಾಗಿ ಕೇಳಬೇಕು.

ನಮಗೆ ಇದರ ಅಭ್ಯಾಸ ಸಣ್ಣ ಪ್ರಮಾಣದಲ್ಲಿ ಇದೆ. 2023ರಲ್ಲಿ ಚೆನ್ನೈನ ಐಪಿಎಲ್ ಪಂದ್ಯಗಳಿಗೆ ಟಿಕೆಟ್ ಇದ್ದವರು ಅದನ್ನೇ ತೋರಿಸಿ ಮೆಟ್ರೊದಲ್ಲಿ ಉಚಿತವಾಗಿ ಹೋಗಿ ಬಂದರು. ಆ ಏರ್ಪಾಡಿನ ಪ್ರಾಯೋಜಕರು ಚೆನ್ನೈ ಸೂಪರ್ ಕಿಂಗ್ಸ್ ತಂಡದವರೇ. ಕರೆದವರು ಕೊಡಬೇಕು ಎಂಬ ತತ್ವ ಅಲ್ಲಿ ಯಾವ ಗದ್ದಲವೂ ಇಲ್ಲದೆ ಜಾರಿಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕ್ರಿಕೆಟ್ ವಿಶ್ವಕಪ್ ಪಂದ್ಯಗಳು ನಡೆದಾಗ ನಮ್ಮ ಮೆಟ್ರೊ 50 ರೂಪಾಯಿಗೆ ಮರುಪ್ರಯಾಣದ ಕಾಗದದ ಟಿಕೆಟ್ ಮಾರಿತು. ಅದನ್ನು ಬೆಳಿಗ್ಗೆಯೇ ಕೊಂಡಿಟ್ಟುಕೊಂಡು, ಆಟ ಮುಗಿದ ಮೇಲೆ ಕಬ್ಬನ್ ಪಾರ್ಕ್ ಅಥವಾ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದಿಂದ ಯಾವ ನಿಲ್ದಾಣಕ್ಕಾದರೂ ಹೋಗಬಹುದಿತ್ತು. ರಾತ್ರಿ ಟೋಕನ್ ಸಾಲು ಬೆಳೆಯದಂತೆ ಮಾಡಿದ ಜಾಣ ಉಪಾಯ ಇದು. ಇನ್ನೊಂದೇ ಹೆಜ್ಜೆ ಮುಂದಿಟ್ಟು ಆ ಕಾಗದವನ್ನು ಪಂದ್ಯದ ಟಿಕೆಟ್ಟಿಗೇ ಅಂಟಿಸಿದ್ದರೆ ಬೆಳಗಿನ ಸಾಲೂ ಬೇಕಿರಲಿಲ್ಲ.

2025ರ ಜೂನ್ 4ರ ಸಂಜೆಯನ್ನು ಬೆಂಗಳೂರು ಮರೆಯಲಾರದು. ಐಪಿಎಲ್ ವಿಜಯೋತ್ಸವಕ್ಕೆ ಜನ ಸೇರಿದ್ದ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಮಂದಿ ಸತ್ತರು. ಹತ್ತಿರದ ಮೆಟ್ರೊ ನಿಲ್ದಾಣಗಳಲ್ಲಿ ರೈಲು ನಿಲ್ಲಿಸದೆ ಮುಂದೆ ಕಳಿಸಬೇಕಾಯಿತು. ಆ ದುರಂತಕ್ಕೆ ಪ್ರಯಾಣದರ ಕಾರಣವಲ್ಲ. ಆದರೂ ಆ ಸಂಜೆಯನ್ನು ಇಲ್ಲಿ ನೆನೆಯುತ್ತೇನೆ, ಏಕೆಂದರೆ ಜನರನ್ನು ಒಂದೆಡೆ ಸೇರಿಸುವವರ ಹೊಣೆ ಕ್ರೀಡಾಂಗಣದ ಒಳಗಷ್ಟೇ ಇದೆ, ಹೊರಗಿನ ರಸ್ತೆ, ನಿಲ್ದಾಣ, ಬಸ್ಸುಗಳೆಲ್ಲ ಸರ್ಕಾರ ನೋಡಿಕೊಳ್ಳುತ್ತದೆ ಎಂಬ ಎಣಿಕೆ ಎಷ್ಟು ಅಪಾಯದ್ದೆಂದು ಅಂದು ಕಣ್ಣಾರೆ ಕಂಡೆವು. ಪ್ರೇಕ್ಷಕರು ಮನೆ ಬಿಟ್ಟ ಗಳಿಗೆಯಿಂದ ಮರಳಿ ಮನೆ ಸೇರುವವರೆಗೆ ಆ ಹೊಣೆ ಹಬ್ಬಿದೆ. ಪ್ರಯಾಣದ ಖರ್ಚನ್ನು ಸಂಘಟಕರ ಲೆಕ್ಕಪುಸ್ತಕದೊಳಗೆ ತಂದಾಗ ಎಷ್ಟು ಜನ ಬರುತ್ತಾರೆ, ಯಾವ ಕಡೆಯಿಂದ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂದು ಅವರು ಮೊದಲೇ ಕೂತು ಯೋಚಿಸಬೇಕಾಗುತ್ತದೆ. ಹಣ ಕಟ್ಟುವವರು ಲೆಕ್ಕ ಕೇಳಿಯೇ ಕೇಳುತ್ತಾರೆ.

ಪ್ಯಾರಿಸ್ ಕೊಟ್ಟ ಮಾತು ಕೆಟ್ಟದ್ದಾಗಿರಲಿಲ್ಲ. ಹಣ ಯಾರು ಕಟ್ಟಬೇಕೆಂಬ ಪ್ರಶ್ನೆ ಎದ್ದಾಗ ಅದು ನಿಲ್ಲಲಿಲ್ಲ. ಅಲ್ಲಿಂದ ನಾವು ಕಲಿಯಬೇಕಾದದ್ದು ಇಷ್ಟು: ಉಚಿತ ಎಂಬ ಒಂದು ಪದವನ್ನು ಅರ್ಜಿಯಲ್ಲಿ ಬರೆದರೆ ಸಾಲದು, ಟಿಕೆಟ್ಟಿನ ಎಷ್ಟು ಪಾಲು ಸಾರಿಗೆಗೆ, ಕೊರತೆ ಬಿದ್ದರೆ ತುಂಬುವವರು ಯಾರು, ಊರಿನವರ ಎಂದಿನ ದರ ಕೂಟದ ದಿನಗಳಲ್ಲೂ ಕದಲದು ಎಂಬುದು ಆತಿಥ್ಯದ ಒಪ್ಪಂದದಲ್ಲೇ ಇರಬೇಕು. ಕ್ರೀಡಾಂಗಣಕ್ಕೆ ಗುದ್ದಲಿ ಪೂಜೆ ಆಗುವ ಮೊದಲೇ ಅದಕ್ಕೆ ಸಹಿ ಬೀಳಬೇಕು. ಆಗ ಪಂದ್ಯ ಮುಗಿದ ರಾತ್ರಿ, ದೂರದ ಊರಿನಿಂದ ಮಗುವನ್ನು ಎತ್ತಿಕೊಂಡು ಬಂದ ತಾಯಿ ಸಂಜೆ ಕ್ರೀಡಾಂಗಣದ ಬಾಗಿಲಲ್ಲಿ ತೋರಿಸಿದ ಟಿಕೆಟ್ಟನ್ನೇ ನಿಲ್ದಾಣದಲ್ಲೂ ತೋರಿಸಿ ರೈಲು ಹತ್ತುತ್ತಾಳೆ. ಅದೇ ರೈಲಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟ ಊರಿನ ಹೆಂಗಸೊಬ್ಬಳು ನಿನ್ನೆ ಕೊಟ್ಟ ದರವನ್ನೇ ಇಂದೂ ಕೊಟ್ಟು ಅವಳ ಪಕ್ಕ ಕೂತಿರುತ್ತಾಳೆ.